ಶಿವರಾತ್ರಿಗೆ ಮುಂಚೆ ಬಂದ ರಿಪೋರ್ಟು

ಬೆಂಗಳೂರು
9 ಮಾರ್ಚ್ 2008

ಅಕ್ಕ,

ನಿನ್ನ ಮೂರು ಕಾಗದಗಳೂ ತಲುಪಿವೆ. ಅಪ್ಪನ ಕಣ್ಣಿಗೆ ಪೊರೆ ಬಂದಿದೆ, ರಾಧ ಯಾವಾಗ ಬತ್ತಾಳೆ ಎಂದು ಕೇಳುತ್ತಿರುತ್ತಾರೆ, ಒಂದು ಸಲ ಬಂದು ಹೋಗು ಎಂದು ಮೂರರಲ್ಲೂ ಬರೆದಿದ್ದೀಯ. ನಾನು ಬರುವುದಿಲ್ಲ. ಅವ್ವನ ತಿಥಿ ಮುಗಿಸಿ ಹೊರಟವಳು ಮತ್ತೆ ಗುಡೇಮಾರನಹಳ್ಳಿಯ ಬಸ್ಸು ಹತ್ತಿಲ್ಲ, ಹತ್ತುವ ಮನಸ್ಸೂ ಇಲ್ಲ. ಫೋನಿನಲ್ಲಿ ಮಾತಾಡೋಣ ಎಂದಿದ್ದೀಯ. ಅದೂ ಬೇಡ. ಫೋನಿನಲ್ಲಿ ಆಡಿದ್ದನ್ನು ಅಪ್ಪ ಕೇಳಿಸಲಿಲ್ಲ ಎನ್ನಬಹುದು. ಕಾಗದವನ್ನು ನೀನು ಎದುರಿಗೆ ಕೂತು ಓದಿದರೆ ಹಾಗೆನ್ನಲಾಗುವುದಿಲ್ಲ.

ಅಪ್ಪನಿಗೆ ಮರೆತಿದ್ದರೆ ನೆನಪಿಸು. ಅವ್ವನ ಎದೆಯ ಗಂಟಿನಿಂದ ಒಂದು ಚೂರು ತೆಗೆದು ಮಾಗಡಿಯ ಡಾಕ್ಟರು ಬೆಂಗಳೂರಿಗೆ ಪರೀಕ್ಷೆಗೆ ಕಳಿಸಿದ್ದು 2002ರಲ್ಲಿ. ರಿಪೋರ್ಟು ಬಂದದ್ದು ಶಿವರಾತ್ರಿಗೆ ಎರಡು ವಾರ ಮುಂಚೆ. ಆಗ ನಾನು ಹಾಸ್ಟೆಲಿನಲ್ಲಿ ಬಿ.ಎಸ್ಸಿ. ಪರೀಕ್ಷೆಗೆ ಓದುತ್ತಿದ್ದೆ. ಕೊಬ್ಬಿನ ಗಡ್ಡೆಯಂತೆ, ಭಯವಿಲ್ಲವಂತೆ ಎಂಬ ಸುದ್ದಿ ಬಂತು, ನಂಬಿದೆ. ಮೇ ತಿಂಗಳಲ್ಲಿ ನಿನ್ನ ಮದುವೆಯಾಯಿತು. ಶ್ರಾವಣದ ಹೊತ್ತಿಗೆ ಅವ್ವನ ತೋಳು ಊದಿ ಬಳೆ ಒಡೆಯಬೇಕಾಯಿತು. ನಾವೆಲ್ಲ ಮಾಗಡಿಗೆ ಹೋದೆವು. ನೀನಿದ್ದೆ, ನಿನ್ನನ್ನು ಕರೆದೊಯ್ಯಲು ಬಂದಿದ್ದ ನಿನ್ನ ಅತ್ತೆ ಮಾರಮ್ಮನೂ ಇದ್ದರು. ಡಾಕ್ಟರು ಅಪ್ಪನ ಮುಖ ನೋಡಿ, "ಕ್ಯಾನ್ಸರ್ ಅಂತ ಫೆಬ್ರವರಿಯಲ್ಲೇ ರಿಪೋರ್ಟು ಕೊಟ್ಟಿದ್ದೇವಲ್ರೀ, ಆರು ತಿಂಗಳು ಎಲ್ಲಿಗೆ ಹೋಗಿದ್ರಿ?" ಎಂದರು. ಅಪ್ಪ ಟವೆಲನ್ನು ಹೆಗಲಿಂದ ಕೈಗೆ ತೆಗೆದುಕೊಂಡು, "ನಾನೇ ಮಡಗಿದ್ದೆ ಸಾರ್. ಮನೇಲಿ ಮದ್ವೆ ಇತ್ತು" ಎಂದರು. ಬೆಂಚಿನ ಮೇಲೆ ಕೂತಿದ್ದ ಅವ್ವ ಆ ಮಾತು ಕೇಳಿಸಿಕೊಂಡಳು. ಆಮೇಲೆ ಬದುಕಿದ್ದ ಹದಿನಾಲ್ಕು ತಿಂಗಳಲ್ಲಿ ಅದನ್ನು ಒಮ್ಮೆಯೂ ಎತ್ತಲಿಲ್ಲ. ಅವಳು ಎತ್ತದಿದ್ದರೆ ನಾನೂ ಎತ್ತಬಾರದು ಅಂತೇನೂ ಇಲ್ಲ.

ನಾನು ಇಲ್ಲಿ ಪಿಎಚ್.ಡಿ.ಗೆ ಏನು ಮಾಡುತ್ತಿದ್ದೇನೆ ಎಂದು ಕೇಳಿದ್ದೀಯ. ಸ್ತನದ ಕ್ಯಾನ್ಸರಿನ ಜೀವಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಸಾಕುತ್ತೇನೆ. ಕೆಲವು ಹುಟ್ಟಿದ ಜಾಗದಲ್ಲೇ ಬೆಳೆಯುತ್ತವೆ. ಕೆಲವು ಪಕ್ಕದ ಮಾಂಸವನ್ನು ಕೊರೆದುಕೊಂಡು ರಕ್ತಕ್ಕಿಳಿದು ಮೂಳೆಗೆ, ಶ್ವಾಸಕೋಶಕ್ಕೆ ಹೋಗುತ್ತವೆ. ಕೊಲ್ಲುವುದು ಹೆಚ್ಚಾಗಿ ಹೀಗೆ ಹೊರಟವು. ಯಾಕೆ ಹೊರಡುತ್ತವೆ ಎಂಬುದೇ ನಮ್ಮ ಕೆಲಸ. ಕೋಶದೊಳಗೆ ಮೈಕ್ರೋ ಆರ್‌ಎನ್‌ಎ ಎಂಬ ತೀರ ಸಣ್ಣ ಎಳೆಗಳಿವೆ. ಅವು ತಾವಾಗಿ ಏನನ್ನೂ ಕಟ್ಟುವುದಿಲ್ಲ. ಕೋಶ ತನಗೆ ತಾನೇ ಕಳಿಸಿಕೊಳ್ಳುವ ಸಂದೇಶಗಳಿಗೆ ಅಂಟಿಕೊಂಡು, ಆ ಸಂದೇಶಗಳು ಓದಿಸಿಕೊಳ್ಳುವ ಜಾಗ ಮುಟ್ಟದಂತೆ ತಡೆಯುತ್ತವೆ. 'ಇಲ್ಲೇ ಇರು' ಎಂಬ ಸಂದೇಶ ತಡೆದುಹೋದರೆ ಕೋಶ ಹೊರಡುತ್ತದೆ. ಹೋದ ವರ್ಷ ಹೊರದೇಶದವರು ಅಂಥದೊಂದನ್ನು ತೋರಿಸಿದರು. ಅದರ ಗುರುತು ಹತ್ತು-ಬಿ. ಸುಮ್ಮನಿದ್ದ ಕೋಶಗಳಲ್ಲಿ ಅದನ್ನು ಹೆಚ್ಚಿಸಿದರೆ ಅವು ನುಗ್ಗತೊಡಗುತ್ತವೆ.

ಅವ್ವನಿಂದ ತೆಗೆದ ಆ ಮೊದಲ ಚೂರು ಪರೀಕ್ಷೆ ಮಾಡಿದ ಲ್ಯಾಬಿನವರು ಮೇಣದಲ್ಲಿ ಮುಚ್ಚಿ ಇಟ್ಟದ್ದು ಇನ್ನೂ ಹಾಗೇ ಇದೆ. ವಿಚಾರಿಸಿದ್ದೇನೆ. ಅದರಲ್ಲಿ ಹತ್ತು-ಬಿ ಎಷ್ಟಿತ್ತು ಎಂದು ನೋಡಬೇಕು. ಗಂಡನ ಒಪ್ಪಿಗೆ ಬೇಕಂತೆ. ಕಾಗದ ಜೊತೆಗಿಟ್ಟಿದ್ದೇನೆ. ಅಪ್ಪನಿಂದ ಸಹಿ ಹಾಕಿಸು. ಯಾಕೆಂದು ಕೇಳಿದರೆ, ನಿಮ್ಮ ಆರು ತಿಂಗಳು ಏನು ಮಾಡಿತು ಎಂದು ನೋಡುವುದಕ್ಕೆ ಅನ್ನು.

ರಾಧಾಮಣಿ

*

ಕನಕಪುರ
2 ಏಪ್ರಿಲ್ 2008

ಪ್ರೀತಿಯ ರಾಧಾಳಿಗೆ,

ಸಹಿ ಹಾಕಿಸಿ ಕಳಿಸಿದ್ದೇನೆ. ಭಾನುವಾರ ನಿಮ್ಮ ಭಾವನಿಗೆ ರಜೆ ಇತ್ತು, ಮಗಳು ಅನುಷಾಳನ್ನು ಅವರ ಹತ್ತಿರ ಬಿಟ್ಟು ನಾನೊಬ್ಬಳೇ ಊರಿಗೆ ಹೋಗಿದ್ದೆ. ಚಿಕ್ಕಪ್ಪನ ಮನೆಯವರೆಲ್ಲ ಹೊಲಕ್ಕೆ ಹೋಗಿದ್ದರು. ಅಪ್ಪ ಜಗುಲಿಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದರು. ಕಣ್ಣು ಮಂಜಾದರೂ ಕೈಗೆ ಆ ಕೆಲಸ ಗೊತ್ತು.

ನೀನು ಬರೆದದ್ದನ್ನು ಪೂರ್ತಿ ಓದಿದೆ. ಆಸ್ಪತ್ರೆಯ ಮಾತು ಬಂದಾಗ ಹೊಸೆಯುವುದನ್ನು ನಿಲ್ಲಿಸಿದರು. "ಅಷ್ಟ್ ವರ್ಸದ್ ಚೂರಲ್ಲಿ ಈಗ ಏನ್ ಗೊತ್ತಾಯ್ತದವ್ವ?" ಎಂದು ಕೇಳಿದರು. ನೀನು ಹೇಳಿಕೊಟ್ಟ ಹಾಗೇ ಹೇಳಿದೆ. ಹಗ್ಗವನ್ನು ಪಕ್ಕಕ್ಕಿಟ್ಟು, "ತಾ, ಎಲ್ಲಿ ಹಾಕ್ಬೇಕು ತೋರ್ಸು" ಎಂದರು. ಸಹಿ ಗೆರೆಯ ಮೇಲೆ ನಿಂತಿಲ್ಲ, ಅದು ಅವರ ತಪ್ಪಲ್ಲ.

ಇಷ್ಟು ದಿನವಾದ ಮೇಲೆ ಇದೆಲ್ಲ ಯಾಕೆ ರಾಧಾ? ಅವರು ದಿನಾ ಬೆಳಿಗ್ಗೆ ಅವ್ವ ಹಾಕಿದ ನುಗ್ಗೆ ಮರಕ್ಕೆ ನೀರು ಹಾಕುತ್ತಾರೆ. ಅದಕ್ಕೆ ನೀರೇ ಬೇಕಾಗಿಲ್ಲ. ಅದನ್ನು ನೋಡಿದರೆ ಸಾಲದೆ?

ಒಂದು ಕೇಳುತ್ತೇನೆ. ಆ ಹತ್ತು-ಬಿ ಎಂಬುದು ಜಾಸ್ತಿ ಇದ್ದರೆ ಫೆಬ್ರವರಿಯಲ್ಲೇ ಎಲ್ಲ ಮುಗಿದಿತ್ತು ಎಂದು ಅರ್ಥವೇ? ಆಗ ಬೇಗ ಹೋಗಿದ್ದರೂ ಏನೂ ಆಗುತ್ತಿರಲಿಲ್ಲವೆ? ಗೊತ್ತಾದ ಕೂಡಲೇ ನನಗೆ ಬರೆ. ಅಪ್ಪನಿಗೆ ಬರೆಯುವ ಮುಂಚೆ ನನಗೆ ಬರೆ.

ನಿನ್ನ ಅಕ್ಕ
ಲತಾ

*

ಬೆಂಗಳೂರು
21 ಜೂನ್ 2008

ಅಪ್ಪನಿಗೆ,

ಇದನ್ನು ಅಕ್ಕ ಓದುತ್ತಾಳೆ. ಒಂದು ಸಾಲನ್ನೂ ಬಿಡದೆ ಓದು ಅಕ್ಕ.

ಕ್ಯಾನ್ಸರ್ ಕೋಶಗಳ ನಡಿಗೆಯನ್ನು ನಾವು ಹೇಗೆ ಅಳೆಯುತ್ತೇವೆ ಎಂದು ಮೊದಲು ಹೇಳುತ್ತೇನೆ. ಬೆರಳ ತುದಿಯಷ್ಟು ಬಟ್ಟಲು. ಅದರ ತಳದಲ್ಲಿ ಕಣ್ಣಿಗೆ ಕಾಣದ ತೂತುಗಳಿರುವ ಪೊರೆ. ಪೊರೆಯ ಮೇಲೆ ಮಾಂಸದ ನಡುವಿನ ಅಂಟಿನಂಥದ್ದನ್ನು ಬಳಿಯುತ್ತೇವೆ. ಮೇಲೆ ಕೋಶಗಳನ್ನು ಬಿಟ್ಟು, ಕೆಳಗೆ ಅವುಗಳಿಗೆ ಬೇಕಾದ ಆಹಾರ ಇಡುತ್ತೇವೆ. ಮಾರನೇ ದಿನ ಪೊರೆಯ ಅಡಿಭಾಗಕ್ಕೆ ನೇರಳೆ ಬಣ್ಣ ಹಾಕಿ ಎಣಿಸುತ್ತೇವೆ. ನುಗ್ಗುವ ಜಾತಿಯವು ಒಂದೇ ದಿನದಲ್ಲಿ ಅಂಟನ್ನು ಕರಗಿಸಿಕೊಂಡು, ತೂತಿನಲ್ಲಿ ಮೈ ಹಿಂಡಿಕೊಂಡು ದಾಟಿರುತ್ತವೆ. ಒಂದು ದಿನದಲ್ಲಿ. ನೀವು ನೂರ ಎಂಬತ್ತು ದಿನ ಕೊಟ್ಟಿರಿ.

ಅವ್ವನ ಚೂರನ್ನು ನಾನು ಮುಟ್ಟಕೂಡದು ಎಂದು ನನ್ನ ಗೈಡ್ ಹೇಳಿದರು. ಆದ್ದರಿಂದ ನನ್ನ ಜೊತೆ ಕೆಲಸ ಮಾಡುವ ಫಿರೋಜಾ, ಹೆಸರಿಲ್ಲದೆ ಬರೀ ನಂಬರು ನೋಡಿ ಪರೀಕ್ಷೆ ಮಾಡಿದಳು. ಮೂರು ಸಲ ಮಾಡಿದಳು. ಫೆಬ್ರವರಿಯಲ್ಲಿ ತೆಗೆದ ಆ ಚೂರಿನಲ್ಲಿ ಹತ್ತು-ಬಿ ಇಲ್ಲವೆನ್ನುವಷ್ಟು ಕಡಿಮೆ.

ಇದರ ಅರ್ಥ ಇಷ್ಟು. ಶಿವರಾತ್ರಿಗೆ ಎರಡು ವಾರ ಮುಂಚೆ ಅವ್ವನ ಮೈಯಲ್ಲಿದ್ದ ಆ ಕೋಶಗಳಿಗೆ ನಡೆಯಲು ಬರುತ್ತಿರಲಿಲ್ಲ. ಹುಟ್ಟಿದಲ್ಲೇ ಕೂತಿದ್ದವು. ಅವತ್ತು ಎದೆಯನ್ನು ತೆಗೆದುಹಾಕಿದ್ದರೆ ಅವೂ ಹೋಗುತ್ತಿದ್ದವು. ನೀವು ಲಗ್ನಪತ್ರಿಕೆ ಹಂಚಿದಿರಿ, ಚಪ್ಪರ ಹಾಕಿಸಿದಿರಿ, ಅವ್ವನ ಕೈಯಲ್ಲೇ ನೂರೈವತ್ತು ಜನಕ್ಕೆ ಹಪ್ಪಳ ಒತ್ತಿಸಿದಿರಿ. ಆ ದಿನಗಳಲ್ಲಿ ಅವು ನಡೆಯಲು ಕಲಿತವು. ಅವ್ವನನ್ನು ಕೊಂದದ್ದು ಕಾಯಿಲೆಯೆಂದು ಇಷ್ಟು ವರ್ಷ ನೀವು ಹೇಳಿಕೊಂಡಿರಬಹುದು. ಇನ್ನು ಹಾಗೆ ಹೇಳಿಕೊಳ್ಳಬೇಡಿ.

ಅಕ್ಕ, ಓದಿ ಮುಗಿಸಿದ ಮೇಲೆ ಇನ್ನೊಂದು ಸಲ ಓದು.

ರಾಧಾಮಣಿ

*

ಕನಕಪುರ
6 ಜುಲೈ 2008

ರಾಧಾ,

ನಿನ್ನ ಕಾಗದ ತೆಗೆದುಕೊಂಡು ಊರಿಗೆ ಹೋದೆ. ಅಪ್ಪನ ಎದುರು ಕೂತು ಬಿಚ್ಚಿದೆ. ಬಟ್ಟಲಿನ ವಿಷಯದವರೆಗೆ ಓದಿದೆ. ಆಮೇಲೆ ಓದಲಾಗಲಿಲ್ಲ. "ಆಮ್ಯಾಕೆ ಏನ್ ಬರ್ದವ್ಳೆ?" ಎಂದರು. "ಏನೂ ಗೊತ್ತಾಗಿಲ್ಲವಂತೆ ಅಪ್ಪ, ಚೂರು ಹಳೇದಾಗಿದೆಯಂತೆ" ಎಂದು ಹೇಳಿ ಮಡಿಚಿಟ್ಟೆ.

ಇದು ನಾನು ಬಚ್ಚಿಟ್ಟ ಎರಡನೇ ರಿಪೋರ್ಟು. ಮೊದಲಿನದನ್ನು ಬಚ್ಚಿಟ್ಟವಳೂ ನಾನೇ.

ಆಗ ನಾನು ಹೊಲಿಗೆ ಕಲಿಯಲು ದಿನಾ ಮಾಗಡಿಗೆ ಹೋಗುತ್ತಿದ್ದೆನಲ್ಲ, ಬರುವಾಗ ರಿಪೋರ್ಟು ಇಸಕೊಂಡು ಬಾ ಎಂದು ಅಪ್ಪ ಹೇಳಿದ್ದರು. ಡಾಕ್ಟರು ಇರಲಿಲ್ಲ. ಕಾಂಪೌಂಡರು ಕವರು ಕೊಟ್ಟು, "ಸೋಮವಾರ ನಿಮ್ಮವ್ವನ್ನ ಕರ್ಕೊಂಡ್ ಬಾರಮ್ಮ, ತಡ ಮಾಡ್ಬ್ಯಾಡ" ಎಂದ. ಬಸ್ ಸ್ಟ್ಯಾಂಡಿನಲ್ಲಿ ಕವರು ಒಡೆದೆ. ಪಿಯುಸಿ ಓದಿದವಳಿಗೆ ಆ ಪದ ಗೊತ್ತಾಗದೆ ಇರುತ್ತದೆಯೇ. ಅದರ ಹಿಂದಿನ ವಾರವೇ ಕನಕಪುರದವರು ಎಲೆ ಅಡಿಕೆ ಬದಲಾಯಿಸಿಕೊಂಡು ಹೋಗಿದ್ದರು. ಅದಕ್ಕೆ ಮುಂಚಿನ ಸಂಬಂಧ ಯಾಕೆ ಮುರಿಯಿತು ಎಂದು ನಿನಗೆ ನೆನಪಿದೆಯೆ? ನಮ್ಮ ದೊಡ್ಡತ್ತೆಗೆ ಗರ್ಭದಲ್ಲಿ ಅದೇ ಕಾಯಿಲೆ ಇತ್ತು ಎಂದು ಯಾರೋ ಹೇಳಿದ್ದಕ್ಕೆ. ನನಗೆ ಇಪ್ಪತ್ತಮೂರು. ಸಂತೆಮಾಳದ ಕುರಿಯ ಹಾಗೆ ನಾಲ್ಕು ಸಲ ಎಲ್ಲರ ಮುಂದೆ ನಿಂತಿದ್ದೆ. ಮನೆಗೆ ಬಂದು, ಕೊಬ್ಬಿನ ಗಡ್ಡೆಯಂತೆ ಎಂದೆ. ಮದುವೆ ಮುಗಿದ ಮಾರನೇ ದಿನವೇ ಹೇಳೋಣ ಎಂದುಕೊಂಡೆ. ಮಾರನೇ ದಿನ ಹೇಳಲಿಲ್ಲ. ಆಷಾಢಕ್ಕೆ ತವರಿಗೆ ಬಂದಾಗ ಅವ್ವ ನನ್ನ ತಲೆಗೆ ಎಣ್ಣೆ ತಟ್ಟುತ್ತ, ಕೈ ಭಾರ ಕಣೆ ಎಂದಳು. ಆಗಲೂ ಹೇಳಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ ಅಪ್ಪ ನನ್ನ ಕಡೆ ತಿರುಗಿದರು. ಅವರಿಗೆ ಆ ಕ್ಷಣದಲ್ಲೇ ಗೊತ್ತಾಯಿತು. ನನ್ನ ಪಕ್ಕದಲ್ಲಿ ಅತ್ತೆ ನಿಂತಿದ್ದರು. ಅಪ್ಪ ನನ್ನ ಮುಖದಿಂದ ಕಣ್ಣು ತೆಗೆದು, ನಾನೇ ಮಡಗಿದ್ದೆ ಎಂದರು. ಅವತ್ತಿನಿಂದ ಇವತ್ತಿನವರೆಗೆ ನಾವಿಬ್ಬರೂ ಆ ವಿಷಯ ಮಾತಾಡಿಲ್ಲ.

ನಿನ್ನ ಕಾಗದ ನನಗೆ ಬರೆದದ್ದು ಎಂದುಕೊಂಡು ಎರಡು ಸಲ ಓದಿದ್ದೇನೆ. ಅಪ್ಪನನ್ನು ಬಿಟ್ಟುಬಿಡು.

ಲತಾ

*

ಬೆಂಗಳೂರು
11 ಜುಲೈ 2008

ಲತಾಮಣಿ,

ಐದು ವರ್ಷ ನಾನು ಯಾರ ಜೊತೆ ಮಾತು ಬಿಟ್ಟೆ, ಯಾರ ಮನೆಯಲ್ಲಿ ಮನೆಮಗಳ ಹಾಗೆ ಹಬ್ಬದೂಟ ಉಂಡೆ ಎಂದು ಕೂತು ಯೋಚಿಸಿದೆ. ಅವ್ವ ತೀರಿಕೊಂಡ ವರ್ಷದ ದೀಪಾವಳಿಗೆ ನಿನ್ನ ಮನೆಯಲ್ಲಿದ್ದೆ. ನನ್ನ ತಲೆ ಸವರಿ, ಅಪ್ಪನನ್ನು ಕ್ಷಮಿಸು ಎಂದಿದ್ದೆ ನೀನು. ಎಷ್ಟು ಸಲೀಸಾಗಿ ಹೇಳಿದೆ.

ಅಪ್ಪ ನಿನ್ನನ್ನು ಉಳಿಸಿದ್ದು ನಿನ್ನ ಅತ್ತೆಯ ಮುಂದೆ. ಆ ಆಸರೆ ನಿನಗೆ ಇನ್ನು ಬೇಡ. ಅವ್ವನ ರಿಪೋರ್ಟಿನ ನಕಲು, ನಿನ್ನ ಕಾಗದದ ನಕಲು, ನಾನು ಅಪ್ಪನಿಗೆ ಬರೆದದ್ದರ ನಕಲು, ಮೂರನ್ನೂ ಇವತ್ತು ಬೆಳಿಗ್ಗೆ ನಿನ್ನ ಗಂಡ ಅನಂತರಾಜು ಹೆಸರಿಗೆ ರಿಜಿಸ್ಟರ್ ಮಾಡಿದ್ದೇನೆ. ಅತ್ತೆಗೂ ಓದಿ ಹೇಳಲು ಬರೆದಿದ್ದೇನೆ. ನಾಳೆಯೋ ನಾಳಿದ್ದೋ ತಲುಪುತ್ತದೆ. ಇದು ನಿನಗೆ ಮೊದಲು ತಲುಪಿದರೆ, ಕಾಯುವುದು ಹೇಗಿರುತ್ತದೆ ಎಂದು ಒಂದು ದಿನ ನೋಡು.

ರಾಧಾಮಣಿ

*

ಕನಕಪುರ
3 ಆಗಸ್ಟ್ 2008

ರಾಧಾಮಣಿಯವರಿಗೆ,

ಅನಂತರಾಜು ಮಾಡುವ ನಮಸ್ಕಾರ. ಇಷ್ಟು ದಿನ ರಾಧಾ ಎಂದು ಕರೆಯುತ್ತಿದ್ದೆ. ಈಗ ಹಾಗೆ ಬರೆಯಲು ಕೈ ಬರುತ್ತಿಲ್ಲ.

ನಿಮ್ಮ ಕವರು ಬಂದ ದಿನ ನಾನು ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿದ್ದೆ. ನನ್ನ ಹೆಸರಿಗೆ ಬಂದದ್ದನ್ನು ಲತಾ ಸಹಿ ಹಾಕಿ ಇಸಕೊಂಡು, ಒಡೆಯದೆ ಟೇಬಲ್ಲಿನ ಮೇಲೆ ಇಟ್ಟಿದ್ದಳು. ಬೇಕಿದ್ದರೆ ಒಲೆಗೆ ಹಾಕಬಹುದಿತ್ತು. ನಾನು ಓದಿದೆ. ಅಮ್ಮ ಏನು ಎಂದು ಕೇಳಿದರು, ಹೇಳಿದೆ. ಅವರು ನಿಮ್ಮ ತಾಯಿಯ ಕಡೆಯ ದಿನಗಳಲ್ಲಿ ಹದಿನೈದು ದಿನ ನಿಮ್ಮೂರಲ್ಲಿದ್ದು ಅವರ ಮೈ ಒರೆಸಿದ್ದವರು. "ಹೆತ್ತವ್ವಂಗೇ ಹಿಂಗ್ ಮಾಡ್ದೋಳು ನಾಳೀಕೆ ನಂಗೇನ್ ಮಾಡಾಳು" ಎಂದರು. ಲತಾ ಮಗುವನ್ನು ಕರೆದುಕೊಂಡು ಗುಡೇಮಾರನಹಳ್ಳಿಗೆ ಹೋದಳು. ನಾನು ಹೋಗು ಎನ್ನಲಿಲ್ಲ. ಬೇಡ ಎನ್ನಲೂ ಇಲ್ಲ. ಮೂರು ವಾರ ಆಯಿತು. ನಿಮಗೆ ಬೇಕಾದದ್ದು ಆಗಿದೆ.

ಒಂದು ಕೇಳುವುದಿದೆ. ನಾನು ಡಿಪ್ಲೊಮಾ ಓದಿದವನು, ಫ್ಯಾಕ್ಟರಿಯಲ್ಲಿ ತಯಾರಾದ ಮಾಲನ್ನು ಅಳೆದು ಪಾಸು ಮಾಡುವ ಕೆಲಸ. ಒಂದು ಪೀಸ್ ಅಳೆದು ಇಡೀ ಲಾಟಿನ ಬಗ್ಗೆ ಬರೆದರೆ ನನ್ನ ಸೂಪರ್‌ವೈಸರು ಆ ಹಾಳೆಯನ್ನು ಹರಿದು ಹಾಕುತ್ತಾರೆ. ನೀವು ಎಷ್ಟು ಜನರ ಚೂರು ಪರೀಕ್ಷೆ ಮಾಡಿ, ಅವರಲ್ಲಿ ಯಾರು ಉಳಿದರು ಯಾರು ಹೋದರು ಎಂದು ನೋಡಿ, ಆಮೇಲೆ ಹೀಗೆ ಬರೆದಿರಿ? ನಿಮ್ಮ ಕಾಗದದಲ್ಲಿ ಅದು ಇಲ್ಲ. ಓದು ಬಲ್ಲವರು, ತಿಳಿಸಿ.

ಎಸ್. ಅನಂತರಾಜು

*

ಗುಡೇಮಾರನಹಳ್ಳಿ
24 ಆಗಸ್ಟ್ 2008

(ಬೈರಪ್ಪನವರು ಹೇಳಿದ್ದನ್ನು ಹೇಳಿದಂತೆಯೇ ಬರೆದಿದ್ದೇನೆ. ಹುಚ್ಚಯ್ಯ, ನಿವೃತ್ತ ಶಿಕ್ಷಕ.)

ರಾಧ, ಮಗ,

ನಿನ್ ಕಾಗ್ದನ ಲತ ಈಗ ಪೂರ್ತಿ ಓದಿ ಹೇಳವ್ಳೆ. ನಾನೇ ಓದ್ಸ್ದೆ. ಅವ್ಳು ಇಲ್ಲಿಗ್ ಬಂದು ತಿಂಗಳಾಯ್ತು. ಯಾಕ್ ಬಂದೆ ಅಂತ ನಾನು ಕೇಳಕ್ಕೂ ಹೋಗ್ನಿಲ್ಲ, ಅವ್ಳೇ ಒಂದಿನ ಎಲ್ಲಾನೂ ಹೇಳುದ್ಲು.

ನಂಗೆ ನಿನ್ನಂಗೆ ಓದು ಬರಾಕಿಲ್ಲ. ಶಿವರಾತ್ರಿ ಹೊತ್ಗೆ ಅದುಕ್ಕೆ ನಡ್ಯಾಕೆ ಬತ್ತಿರ್ನಿಲ್ಲ, ಕುಂತಿದ್ ಜಾಗ್ದಲ್ಲೇ ಕುಂತಿತ್ತು ಅಂತ ಬರ್ದಿದ್ದೀಯ. ಅದೊಂದು ನಂಗೆ ಸರಿಬೀಳ್ನಿಲ್ಲ. ಅದ್ಕೇ ಮೇಷ್ಟ್ರ ಕೈಲಿ ಬರಿಸ್ತಿವ್ನಿ.

ಆ ವರ್ಸ ಸಂಕ್ರಾಂತಿ ದಿನ, ದನ ಮೈ ತೊಳ್ದು ಬಂದು ಕುಂತಿದ್ದೆ. ನಿಮ್ಮವ್ವ ಒಳಕ್ಕೆ ಕರ್ದು, ಕೈ ಎತ್ತಿ, ಕಂಕುಳು ಮುಟ್ಟು ನೋಡು ಅಂದ್ಲು. ಹುಣಸೆ ಬೀಜದ್ ಗಾತ್ರ ಗಂಟು ಕೈಗೆ ಸಿಕ್ತು. ಎದೇಲಲ್ಲ, ಕಂಕುಳಲ್ಲಿ. ಎದೇದು ಆಮ್ಯಾಕೆ ಗೊತ್ತಾಗಿದ್ದು. ಹುಲ್ಲಿನ್ ಹೊರೆ ಹೊತ್ತು ಊದಿರ್ಬೇಕು, ಒಸಿ ಬಜೆ ತೇದು ಹಚ್ಕೊ ಅಂದೆ. ಡಾಕ್ಟ್ರುಗೆ ಎದೆ ತೋರುಸ್ದಾಗ ಕಂಕುಳು ವಿಷ್ಯ ನಾನೂ ಹೇಳ್ನಿಲ್ಲ, ನಾಚ್ಕೊಂಡು ಅವ್ಳೂ ಹೇಳ್ನಿಲ್ಲ. ಆಸ್ಪತ್ರೇಲಿ ನಾನೇ ಮಡಗಿದ್ದೆ ಅಂದಿದ್ದು ಲತನ್ನ ಉಳ್ಸಕ್ಕೆ ಅಂತ ಅವ್ಳು ತಿಳ್ಕೊಂಡವ್ಳೆ. ಅದೂ ಇತ್ತು. ಆದ್ರೆ ನಾನು ಸುಳ್ಳು ಹೇಳಿರ್ನಿಲ್ಲ ಕಣವ್ವ.

ಆ ಕಂಕುಳ್ ಗಂಟು ಏನು? ಅದು ನಡ್ಕೊಂಡ್ ಬಂದಿದ್ದಾ, ಅಲ್ವಾ? ನೀನು ಓದಿರೋಳು. ಇದ್ದುದ್ ಇದ್ದಂಗೆ ಬರಿ. ನನ್ನ ಬೈಯೋದಾದ್ರೆ ಬೈಯಿ, ಅದುಕ್ಕೆ ಅಡ್ಡಿಯಿಲ್ಲ.

ನಿಮ್ಮಪ್ಪ
ಬೈರಪ್ಪ

*

ಬೆಂಗಳೂರು
7 ಸೆಪ್ಟೆಂಬರ್ 2008

ಅಕ್ಕ,

ಅಪ್ಪನ ಕಾಗದ ಬಂದು ಹತ್ತು ದಿನವಾಯಿತು. ಉತ್ತರವನ್ನು ನಿನಗೆ ಬರೆಯುತ್ತಿದ್ದೇನೆ. ಇದನ್ನು ಅಪ್ಪನಿಗೆ ಓದಿ ಹೇಳು.

ಕಂಕುಳಿನ ಗಂಟು ಬಹುಮಟ್ಟಿಗೆ ನಡೆದು ಬಂದದ್ದೇ ಇರಬೇಕು. ಎದೆಯಿಂದ ಹೊರಟ ಕೋಶಗಳು ಸಾಮಾನ್ಯವಾಗಿ ಮೊದಲು ಹೋಗಿ ನಿಲ್ಲುವುದು ಅಲ್ಲಿ. ಸಂಕ್ರಾಂತಿಗೇ ಅಲ್ಲಿ ಗಂಟಿತ್ತು ಎಂದರೆ, ಫೆಬ್ರವರಿಯಲ್ಲಿ ಅವು ಕೂತಿದ್ದವು ಎಂದು ನಾನು ಬರೆದದ್ದು ತಪ್ಪು. ಹತ್ತು-ಬಿ ಕಡಿಮೆಯಿದ್ದರೂ ಅವು ನಡೆದಿದ್ದವು. ತಟ್ಟೆಯಲ್ಲಿ ಸಾಕಿದ ಕೋಶಗಳಲ್ಲಿ ಕಾಣುವುದು ಮನುಷ್ಯರ ಮೈಯಲ್ಲಿ ಹಾಗೇ ಇರಬೇಕೆಂದಿಲ್ಲ. ಇಂಥ ಮೈಕ್ರೋ ಆರ್‌ಎನ್‌ಎಗಳು ಇನ್ನೂ ಎಷ್ಟೋ ಇವೆ. ಯಾವುದು ಯಾವಾಗ ಏನು ಮಾಡುತ್ತದೆ ಎಂದು ಯಾರಿಗೂ ಪೂರ್ತಿ ಗೊತ್ತಿಲ್ಲ.

ತಪ್ಪು ಎಂದು ಬರೆದು ಇಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಿದರೆ ಅದೂ ಮುಚ್ಚಿಟ್ಟಂತೆಯೇ. ಜೂನ್‌ನಲ್ಲಿ ಲೆಕ್ಕ ಕೈಗೆ ಕೊಡುವಾಗಲೇ ಫಿರೋಜಾ, "ಒಂದು ಸ್ಯಾಂಪಲ್ ನೋಡಿ ಏನೂ ಹೇಳಕ್ಕಾಗಲ್ಲ ರಾಧಾ, ಮನೆಗೆ ಏನೂ ಬರೀಬೇಡ" ಎಂದಿದ್ದಳು. ಗೈಡ್ ಕೂಡ ಅದನ್ನೇ ಹೇಳಿದರು. ನನಗೂ ಗೊತ್ತಿತ್ತು. ಗೊತ್ತಿದ್ದೇ ಅಪ್ಪನಿಗೆ ಹಾಗೆ ಬರೆದೆ. ಅವರಿಗೆ ನೋಯಬೇಕಿತ್ತು, ಮತ್ತೆ ಎದ್ದು ನಿಲ್ಲಲಾರದಷ್ಟು. ಅದಕ್ಕೆ ವಿಜ್ಞಾನದಷ್ಟು ಗಟ್ಟಿಯಾದದ್ದು ಬೇರೆ ಸಿಗಲಿಲ್ಲ. ಆಮೇಲೆ ಅದನ್ನೇ ನಿನ್ನ ಮನೆಗೂ ಕಳಿಸಿದೆ. ಭಾವನಿಗೂ ನಿನ್ನ ಅತ್ತೆಗೂ ಇದನ್ನೆಲ್ಲ ಬೇರೆಯಾಗಿ ಬರೆದಿದ್ದೇನೆ.

ಆರು ತಿಂಗಳಿಂದ ಏನೂ ಆಗಲಿಲ್ಲ ಎಂದು ತಿಳಿಯಬೇಡ. ಬೇಗ ಹೋಗಿದ್ದರೆ ಅವ್ವನಿಗೆ ಇನ್ನೊಂದು ವರ್ಷವೋ ಐದು ವರ್ಷವೋ ಸಿಗುತ್ತಿತ್ತೇನೋ. ಸಿಗದೆಯೂ ಇರಬಹುದಿತ್ತು. ಇದಕ್ಕಿಂತ ಹೆಚ್ಚು ಹೇಳಿದರೆ ಮತ್ತೆ ಸುಳ್ಳಾಗುತ್ತದೆ. ನಿನ್ನ ಮೇಲಿನ ಸಿಟ್ಟು ನನಗೆ ಹೋಗಿಲ್ಲ. ಅದನ್ನೂ ಇದ್ದಂತೆ ಬರೆಯುತ್ತಿದ್ದೇನೆ.

ಕಾಯಿಲೆ ಬಂದಾಗ ಅವ್ವನಿಗೆ ನಲವತ್ತನಾಲ್ಕು ವರ್ಷ. ನೀನೂ ನಾನೂ ವರ್ಷಕ್ಕೊಮ್ಮೆ ಡಾಕ್ಟರಿಗೆ ತೋರಿಸಬೇಕು. ನಾನು ಹೋದ ವಾರ ತೋರಿಸಿದೆ. ನೀನು ರಾಮನಗರದಲ್ಲಿ ತೋರಿಸು, ಮುಂದೂಡಬೇಡ.

ಮಹಾಲಯ ಅಮಾವಾಸ್ಯೆಯ ದಿನ ಅವ್ವನಿಗೆ ಎಡೆ ಇಡುವ ಹೊತ್ತಿಗೆ ಊರಿಗೆ ಬರುತ್ತೇನೆ.

ರಾಧಾ

*

ಗುಡೇಮಾರನಹಳ್ಳಿ
20 ಸೆಪ್ಟೆಂಬರ್ 2008

ರಾಧಾ,

ನಿನ್ನ ಕಾಗದವನ್ನು ಅಪ್ಪನಿಗೆ ಓದಿದೆ. ಈ ಸಲ ಒಂದು ಸಾಲನ್ನೂ ಬಿಡಲಿಲ್ಲ. ನೀನು ಗೊತ್ತಿದ್ದೂ ಬರೆದೆ ಎಂಬ ಸಾಲಿಗೆ ಬಂದಾಗ ನನ್ನ ದನಿ ಗಟ್ಟಿಯಾಯಿತು, ಅದನ್ನು ನಾನೇ ಕೇಳಿಸಿಕೊಂಡೆ. ಅಪ್ಪ ಕೇಳಿ, "ಹಂಗಾರೆ ಯಾರ್ಗೂ ಗೊತ್ತಾಗಾಕಿಲ್ಲ ಅನ್ನು" ಎಂದರು. ಆಮೇಲೆ ಮುದ್ದೆ ಉಂಡರು. ನೀನು ಬರುತ್ತೀಯ ಎಂದದ್ದಕ್ಕೆ ಚಿಕ್ಕಪ್ಪನ ಕೈಯಲ್ಲಿ ಜಗುಲಿಗೆ ಸುಣ್ಣ ಹೊಡೆಸುತ್ತಿದ್ದಾರೆ.

ರಾಮನಗರದಲ್ಲಿ ತೋರಿಸಿದೆ. ಏನೂ ಇಲ್ಲ ಎಂದರು.

ಹೋದ ಭಾನುವಾರ ನಿಮ್ಮ ಭಾವ ಬಂದಿದ್ದರು. "ಅಮ್ಮ ಕರ್ಕೊಂಡ್ ಬಾ ಅಂದವ್ರೆ" ಎಂದರು. "ನೀವೇನ್ ಅಂತೀರಿ?" ಎಂದು ಕೇಳಿದೆ. ಅನುಷಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಬಾ" ಎಂದರು. ಅಮಾವಾಸ್ಯೆಯ ದಿನ ಬೆಳಿಗ್ಗೆ ಬರುತ್ತೇನೆ ಎಂದು ಹೇಳಿ ಕಳಿಸಿದ್ದೇನೆ. ಅಲ್ಲಿ ಏನು ಕಾದಿದೆಯೋ ಗೊತ್ತಿಲ್ಲ. ಮೊದಲಿನ ಹಾಗಿರುವುದಿಲ್ಲ, ಅದು ಗೊತ್ತು. ಅತ್ತೆಯ ಮುಂದೆ ಊಟಕ್ಕೆ ಕೂರಬೇಕು. ಆದರೆ ಇಷ್ಟು ವರ್ಷ ಒಳಗೆ ಇಟ್ಟುಕೊಂಡದ್ದು ಈಗ ಇಲ್ಲ. ಆ ಮಟ್ಟಿಗೆ ನೀನು ಮಾಡಿದ್ದು ಒಳ್ಳೆಯದೇ ಆಯಿತು, ನೀನು ಒಳ್ಳೆಯದಕ್ಕೆ ಮಾಡದಿದ್ದರೂ.

ನಾನು ಮಾಡಿದ್ದಕ್ಕೆ ಕ್ಷಮೆ ಕೇಳುವುದು ಅವ್ವನ ಹತ್ತಿರ. ನಿನ್ನ ಹತ್ತಿರ ಕೇಳುವುದಿಲ್ಲ. ನಾನು ಹೆದರಿ ಒಂದು ಕವರು ಬಚ್ಚಿಟ್ಟೆ, ಆಮೇಲೆ ಒಂದು ದಿನವೂ ಸುಖವಾಗಿ ಉಣ್ಣಲಿಲ್ಲ. ನೀನು ಹೆದರಿಕೆಯಿಲ್ಲದೆ, ತಿಳಿದು, ದಿನಗಳ ಲೆಕ್ಕ ಹಾಕಿ, ಎರಡು ಸಲ ಓದು ಎಂದು ಬರೆದೆ. ಕಣ್ಣು ಕಾಣದ ಅಪ್ಪ ಅದನ್ನು ನನ್ನ ಬಾಯಲ್ಲಿ ಕೇಳಬೇಕೆಂದು ಬರೆದೆ. ಅವರು ನಿನ್ನ ತಪ್ಪನ್ನು ಬಿಟ್ಟುಬಿಟ್ಟಿದ್ದಾರೆ. ನಾನು ಬಿಟ್ಟಿಲ್ಲ.

ಎಡೆಗೆ ಬೇಕಾದ್ದನ್ನೆಲ್ಲ ಹಿಂದಿನ ದಿನ ತಂದಿಡುತ್ತೇನೆ. ಅವ್ವನಿಗೆ ಹಿದಕಿದ ಬೇಳೆ ಸಾರು ಇಷ್ಟ, ಈಗ ಅವರೆಕಾಯಿ ಸಿಗುವುದಿಲ್ಲ, ಹುರುಳಿಕಾಳು ನೆನೆಹಾಕಿಟ್ಟಿರುತ್ತೇನೆ, ಅದನ್ನೇ ಮಾಡು. ಅಪ್ಪನಿಗೆ ಖಾರ ಕಡಿಮೆ ಇರಲಿ. ನಾನು ಏಳು ಗಂಟೆಯ ಬಸ್ಸಿಗೆ ಹೊರಡುತ್ತೇನೆ. ನೀನು ಮಾಗಡಿಯಲ್ಲಿ ಬಸ್ಸು ಬದಲಾಯಿಸುವಾಗ ನಾವು ಎದುರಾದರೂ ಆಗಬಹುದು. ಅನುಷಾಳನ್ನು ಮಾತಾಡಿಸು, ಅವಳಿಗೆ ಏನೂ ಹೇಳಿಲ್ಲ, ಚಿಕ್ಕಮ್ಮ ಎಂದರೆ ಅವಳಿಗೆ ಆಸೆ.

ನನ್ನನ್ನು ಮಾತಾಡಿಸಬೇಡ.

ಲತಾಮಣಿ